ಬ್ಯಾರಿ ಬಾಂಡ್ಸ್‌ಗೆ ಹಾಲ್ ಆಫ್ ಫೇಮ್ ಸಿಗಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಬೇಸ್‌ಬಾಲ್ ಆಟಗಾರ ಬ್ಯಾರಿ ಬಾಂಡ್ಸ್ ಕೊನೆಯ ಪಂದ್ಯ ಆಡಿದ್ದು 2007ರಲ್ಲಿ. ಅವರ ಬಗ್ಗೆ ಜಗಳ ಮಾತ್ರ ಇನ್ನೂ ನಿಂತಿಲ್ಲ. 2025ರ ಡಿಸೆಂಬರ್‌ನಲ್ಲಿ ಬೇಸ್‌ಬಾಲ್ ದಿಗ್ಗಜರಿಗೆ ಗೌರವ ಕೊಡುವ ಹಾಲ್ ಆಫ್ ಫೇಮ್‌ನ ಸಮಿತಿ ಅವರನ್ನು ಮತ್ತೊಮ್ಮೆ ಹೊರಗಿಟ್ಟ ಮೇಲಂತೂ ಹಳೆಯ ಪ್ರಶ್ನೆಗಳೆಲ್ಲ ಹೊಸದಾಗಿ ಎದ್ದು ಕೂತಿವೆ. ಕ್ರಿಕೆಟ್ ನೋಡಿಕೊಂಡು ಬೆಳೆದು ಆಮೇಲೆ ಬೇಸ್‌ಬಾಲ್ ಗೀಳು ಹತ್ತಿಸಿಕೊಂಡವರಿಗಾಗಿ ಆ ಪ್ರಶ್ನೆಗಳನ್ನೂ ಉತ್ತರಗಳನ್ನೂ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ತಟಸ್ಥ ಅಲ್ಲ. ಬಾಂಡ್ಸ್ ಒಳಗಿರಬೇಕು, ಅವರ ಫಲಕದ ಮೇಲೆ ಉದ್ದೀಪನ ಮದ್ದಿನ ವಿಷಯವೂ ಕೆತ್ತಿರಬೇಕು ಅನ್ನುವ ಪಕ್ಷ ನನ್ನದು. ಅದನ್ನು ತಿಳಿದುಕೊಂಡೇ ಮುಂದಕ್ಕೆ ಓದಿ.

ಬ್ಯಾರಿ ಬಾಂಡ್ಸ್ ಯಾರು? ನಾನು ಬೇಸ್‌ಬಾಲ್ ಅಷ್ಟಾಗಿ ನೋಡಿದವನಲ್ಲ.

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಅತಿ ಹೆಚ್ಚು ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದವರು. ಒಟ್ಟು 762. ಒಂದೇ ಋತುವಿನ ದಾಖಲೆಯೂ ಅವರದ್ದೇ, 2001ರಲ್ಲಿ 73. ಹುಟ್ಟಿದ್ದು 1964ರಲ್ಲಿ, ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ. ಅಪ್ಪ ಬಾಬಿ ಬಾಂಡ್ಸ್ 332 ಹೋಮ್ ರನ್ ಹೊಡೆದ ದೊಡ್ಡ ಆಟಗಾರ. ಗಾಡ್‌ಫಾದರ್ ವಿಲ್ಲಿ ಮೇಸ್, ಬೇಸ್‌ಬಾಲ್ ಕಂಡ ಅತಿ ಶ್ರೇಷ್ಠರಲ್ಲಿ ಒಬ್ಬರು. ಆಟ ಮನೆಯಲ್ಲೇ ಇತ್ತು ಅಂತಿಟ್ಟುಕೊಳ್ಳಿ. 1986ರಿಂದ 1992ರವರೆಗೆ ಪಿಟ್ಸ್‌ಬರ್ಗ್ ಪೈರೇಟ್ಸ್, ಅಲ್ಲಿಂದ 2007ರವರೆಗೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್.

ಲೀಗ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಎಂವಿಪಿ ಪ್ರಶಸ್ತಿ ಅವರಿಗೆ ಬಂದಿದ್ದು ಏಳು ಬಾರಿ. ಅವರ ನಂತರದ ಸ್ಥಾನದಲ್ಲಿರುವ ಶೋಹೆ ಒಹ್ತಾನಿ 2025ರಲ್ಲಷ್ಟೇ ನಾಲ್ಕನೆಯದನ್ನು ಪಡೆದರು. ಫೀಲ್ಡಿಂಗಿಗೆ ಕೊಡುವ ಗೋಲ್ಡ್ ಗ್ಲೋವ್ ಎಂಟು. 514 ಬೇಸ್‌ಗಳನ್ನು (ಓಟದ ದಾರಿಯ ನಿಲ್ದಾಣಗಳನ್ನು) ಕದ್ದಿದ್ದಾರೆ, ಅಂದರೆ ಪಿಚ್ಚರ್, ಎಂದರೆ ಬೇಸ್‌ಬಾಲ್‌ನ ಬೌಲರ್, ಎಸೆಯುವ ಹೊತ್ತಿಗೆ ಓಡಿ ಮುಂದಿನ ಬೇಸ್ ಸೇರಿಕೊಂಡಿದ್ದಾರೆ. 500 ಹೋಮ್ ರನ್ನೂ 500 ಕದ್ದ ಬೇಸೂ ಇರುವ ಆಟಗಾರ ಇತಿಹಾಸದಲ್ಲಿ ಇವರೊಬ್ಬರೇ. 400 ಮತ್ತು 400 ಅಂತ ಇಳಿಸಿದರೂ ಇವರೊಬ್ಬರೇ.

ಅಂಕಿಅಂಶ ಸಾಕು. ಎದುರಾಳಿಗಳು ನಿಜಕ್ಕೂ ಹೆದರುತ್ತಿದ್ದರಾ?

1998ರ ಮೇ 28ರ ರಾತ್ರಿ ಫೀನಿಕ್ಸ್‌ನಲ್ಲಿ ನಡೆದದ್ದನ್ನು ನೋಡಿ. ಅರಿಜೋನಾ ಡೈಮಂಡ್‌ಬ್ಯಾಕ್ಸ್ 8, ಜೈಂಟ್ಸ್ 6. ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್, ಮೂರು ಬೇಸ್‌ಗಳಲ್ಲೂ ಜೈಂಟ್ಸ್ ಓಟಗಾರರು ನಿಂತಿದ್ದಾರೆ. ಇನ್ನೊಬ್ಬನನ್ನು ಔಟ್ ಮಾಡಿದರೆ ಪಂದ್ಯ ಮುಗಿಯಿತು. ಬ್ಯಾಟ್ ಹಿಡಿದು ಬಂದವರು ಬಾಂಡ್ಸ್.

ಬೇಸ್‌ಬಾಲ್‌ನಲ್ಲಿ ಪಿಚ್ಚರ್ ಬೇಕೆಂದೇ ನಾಲ್ಕು ಎಸೆತ ಹೊರಗೆ ಹಾಕಿ ಬ್ಯಾಟರನ್ನು ಮೊದಲ ಬೇಸಿಗೆ ಪುಕ್ಕಟೆ ಕಳಿಸಬಹುದು. ಬೇಸ್‌ಗಳು ತುಂಬಿದ್ದಾಗ ಹಾಗೆ ಮಾಡಿದರೆ ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ಎದುರಾಳಿಗೆ ಒಂದು ರನ್ ಬರುತ್ತದೆ. ಆದ್ದರಿಂದ ಅಂಥ ಹೊತ್ತಿನಲ್ಲಿ ಯಾರೂ ಆ ಕೆಲಸಕ್ಕೆ ಕೈ ಹಾಕುವುದಿಲ್ಲ. ಅರಿಜೋನಾ ಮ್ಯಾನೇಜರ್ ಬಕ್ ಶೋವಾಲ್ಟರ್ ಕೈ ಹಾಕಿದರು. ಪಿಚ್ಚರ್ ಗ್ರೆಗ್ ಓಲ್ಸನ್ ನಾಲ್ಕು ಚೆಂಡು ಹೊರಗೆ ಹಾಕಿದರು, ಬಾಂಡ್ಸ್ ನಡೆದು ಹೋದರು, ಸ್ಕೋರು 8-7 ಆಯಿತು. ಮುಂದಿನ ಬ್ಯಾಟರ್ ಬ್ರೆಂಟ್ ಮೇನ್ ಹೊಡೆದ ಚೆಂಡು ಬಲಗಡೆಯ ಫೀಲ್ಡರ್ ಕೈಗೆ ಸಿಕ್ಕಿ ಪಂದ್ಯ ಮುಗಿಯಿತು. ಶೋವಾಲ್ಟರ್ ಲೆಕ್ಕ ಸರಿಯಾಗಿತ್ತು. ಈತನಿಗೆ ಆಡುವ ಚೆಂಡು ಹಾಕುವುದಕ್ಕಿಂತ ಒಂದು ರನ್ ದಾನ ಕೊಡುವುದು ಅಗ್ಗ.

ಆಮೇಲೆ ಇದೇ ಎಲ್ಲರಿಗೂ ಪದ್ಧತಿಯಾಯಿತು. 2004ರಲ್ಲಿ ಬಾಂಡ್ಸ್‌ಗೆ 120 ಸಲ ಹೀಗೆ ಬೇಕೆಂದೇ ಬೇಸ್ ಬಿಟ್ಟುಕೊಟ್ಟರು. ಆ ವರ್ಷ ಅವರು ಬ್ಯಾಟಿಗೆ ಬಂದಾಗಲೆಲ್ಲ ಶೇ 60ಕ್ಕೂ ಹೆಚ್ಚು ಸಲ ಔಟಾಗದೆ ಬೇಸ್ ತಲುಪಿದ್ದಾರೆ. ಅದಕ್ಕೂ ಮೊದಲು ಯಾರೂ ಶೇ 60 ಮುಟ್ಟಿರಲಿಲ್ಲ, ಆಮೇಲೂ ಮುಟ್ಟಿಲ್ಲ.

ಹಾಲ್ ಆಫ್ ಫೇಮ್‌ಗೆ ಯಾರು ಆರಿಸುತ್ತಾರೆ?

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಅನ್ನುವ ಪುಟ್ಟ ಊರಿನಲ್ಲಿರುವ ಮ್ಯೂಸಿಯಂ ಇದು. 1939ರಲ್ಲಿ ಬಾಗಿಲು ತೆರೆಯಿತು. ಮೇಜರ್ ಲೀಗ್‌ನದ್ದೂ ಅಲ್ಲ, ಸರ್ಕಾರದ್ದೂ ಅಲ್ಲ, ಸ್ವತಂತ್ರ ಸಂಸ್ಥೆ. ಆಯ್ಕೆಯಾದವರ ಮುಖ ಕೆತ್ತಿದ ಕಂಚಿನ ಫಲಕ ಗೋಡೆಗೆ ಏರುತ್ತದೆ. ನಮ್ಮ ಅನಿಲ್ ಕುಂಬ್ಳೆ 2015ರಲ್ಲೂ ರಾಹುಲ್ ದ್ರಾವಿಡ್ 2018ರಲ್ಲೂ ಐಸಿಸಿ ಹಾಲ್ ಆಫ್ ಫೇಮ್ ಸೇರಿದಾಗ ಇಲ್ಲಿ ಯಾರೂ ವರ್ಷಗಟ್ಟಲೆ ಕೂತು ಜಗಳ ಆಡಲಿಲ್ಲ. ಅಮೆರಿಕದಲ್ಲಿ ಆ ಜಗಳವೇ ಚಳಿಗಾಲದ ಆಟ.

ದಾರಿ ಎರಡಿವೆ. ಮೊದಲನೆಯದು ಬೇಸ್‌ಬಾಲ್ ಪತ್ರಕರ್ತರ ಸಂಘದ ಮತದಾನ. ಹತ್ತು ಋತು ಆಡಿರಬೇಕು, ನಿವೃತ್ತಿಯಾಗಿ ಐದು ವರ್ಷ ಕಳೆದಿರಬೇಕು, ಶೇ 75 ಮತ ಬೀಳಬೇಕು. ಹತ್ತು ವರ್ಷ ಅವಕಾಶ, ಅಷ್ಟರಲ್ಲಿ ಆಗದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಆಮೇಲೆ ಎರಡನೆಯ ದಾರಿ: ಹಳೆಯ ಆಟಗಾರರು, ತಂಡಗಳ ಅಧಿಕಾರಿಗಳು, ಪತ್ರಕರ್ತರು ಸೇರಿದ 16 ಜನರ ಸಮಿತಿ. ಅಲ್ಲಿ 12 ಮತ ಬೇಕು.

ಪತ್ರಕರ್ತರು ಬಾಂಡ್ಸ್‌ಗೆ ಎಷ್ಟು ಮತ ಕೊಟ್ಟರು?

ಮೊದಲ ವರ್ಷ, 2013ರಲ್ಲಿ, ಶೇ 36.2. ಆ ವರ್ಷ ಪತ್ರಕರ್ತರು ಯಾರನ್ನೂ ಆರಿಸಲಿಲ್ಲ ಅನ್ನುವುದೂ ನೆನಪಿರಲಿ. ಸಿಟ್ಟು ಅಷ್ಟಿತ್ತು. ವರ್ಷ ಕಳೆದಂತೆ ಹೊಸ ತಲೆಮಾರಿನ ಮತದಾರರು ಬಂದರು, ಸಂಖ್ಯೆ ಏರಿತು. ಹತ್ತನೆಯ ಹಾಗೂ ಕೊನೆಯ ವರ್ಷ, 2022ರಲ್ಲಿ, 394ರಲ್ಲಿ 260 ಮತ, ಶೇ 66. ಬೇಕಾಗಿದ್ದದ್ದು 296. ಕೊರತೆ 36.

ಮದ್ದಿನ ವಿಷಯದಲ್ಲಿ ನಿಜಕ್ಕೂ ಸಾಬೀತಾಗಿದ್ದು ಏನು?

ಎಲ್ಲರೂ ಎಡವುವುದು ಇಲ್ಲಿ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಪಕ್ಕದ ಬರ್ಲಿಂಗೇಮ್‌ನಲ್ಲಿ ಬಾಲ್ಕೊ ಅನ್ನುವ ಕಂಪನಿಯಿತ್ತು, ವಿಕ್ಟರ್ ಕಾಂಟೆ ಎಂಬುವರದ್ದು. ಮೇಲಕ್ಕೆ ಪೌಷ್ಟಿಕಾಂಶದ ವ್ಯಾಪಾರ, ಒಳಗೆ ಕ್ರೀಡಾಪಟುಗಳಿಗೆ ಸ್ಟೆರಾಯ್ಡ್ ಪೂರೈಕೆ. 2003ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ತನಿಖಾಧಿಕಾರಿಗಳು ದಾಳಿ ಮಾಡಿದರು. ಬಾಂಡ್ಸ್‌ರ ಖಾಸಗಿ ತರಬೇತುದಾರ ಗ್ರೆಗ್ ಆಂಡರ್ಸನ್‌ಗೂ ಅಲ್ಲಿಗೂ ನೇರ ನಂಟು. ಅಲ್ಲಿಂದ ಹೊರಟ ಎರಡು ಮದ್ದುಗಳು ಹೆಸರಾದವು. ಒಂದು ‘ಕ್ಲಿಯರ್’, ಆಗಿನ ಪರೀಕ್ಷೆಗಳಿಗೆ ಸಿಗದ ಹಾಗೆ ತಯಾರಿಸಿದ ಟಿಎಚ್‌ಜಿ ಎಂಬ ಸ್ಟೆರಾಯ್ಡ್. ಇನ್ನೊಂದು ‘ಕ್ರೀಮ್’, ಮೈಗೆ ಹಚ್ಚಿಕೊಳ್ಳುವುದು.

ಅದೇ ವರ್ಷ ಡಿಸೆಂಬರ್‌ನಲ್ಲಿ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ) ಮುಂದೆ ಬಾಂಡ್ಸ್ ಹೇಳಿದ್ದು ಇಷ್ಟು: ಆಂಡರ್ಸನ್ ಕೊಟ್ಟ ದ್ರವವನ್ನೂ ಕ್ರೀಮನ್ನೂ ಬಳಸಿದ್ದು ಹೌದು, ಆದರೆ ಒಂದು ಅಗಸೆ ಎಣ್ಣೆ, ಇನ್ನೊಂದು ಸಂಧಿವಾತದ ಮುಲಾಮು ಅಂದುಕೊಂಡಿದ್ದೆ. ಗೊತ್ತಿದ್ದು ಸ್ಟೆರಾಯ್ಡ್ ತೆಗೆದುಕೊಂಡಿಲ್ಲ.

ಈ ಮಾತು ಸುಳ್ಳು ಅಂತ 2007ರ ನವೆಂಬರ್‌ನಲ್ಲಿ ಮೊಕದ್ದಮೆ ಬಿತ್ತು. 2011ರಲ್ಲಿ ವಿಚಾರಣೆ. ಆಂಡರ್ಸನ್ ಜೈಲಿಗೆ ಹೋದರೇ ಹೊರತು ಬಾಯಿ ಬಿಡಲಿಲ್ಲ. ಅವರ ಸಾಕ್ಷಿ ಇಲ್ಲದೆ, ಬಾಲ್ಕೊದಲ್ಲಿ ಸಿಕ್ಕ ಪರೀಕ್ಷಾ ವರದಿಗಳು ಬಾಂಡ್ಸ್‌ರವೇ ಎಂದು ತೋರಿಸಲು ಆಗದೆ ಅವು ಜ್ಯೂರಿಯ ಮುಂದೆ ಬರಲಿಲ್ಲ. ಸುಳ್ಳು ಸಾಕ್ಷ್ಯದ ಮೂರು ಆರೋಪಗಳಲ್ಲಿ ಜ್ಯೂರಿಗೆ ಒಮ್ಮತ ಬರಲಿಲ್ಲ. ನ್ಯಾಯಕ್ಕೆ ಅಡ್ಡಿಪಡಿಸಿದ ಒಂದರಲ್ಲಿ ಮಾತ್ರ ತಪ್ಪಿತಸ್ಥ ಎಂದರು. ಅದೂ ಯಾವ ಉತ್ತರಕ್ಕೆ? ನಿನಗೇ ಚುಚ್ಚಿಕೊಳ್ಳಲು ಆಂಡರ್ಸನ್ ಏನಾದರೂ ಕೊಟ್ಟಿದ್ದರಾ ಎಂದು ಕೇಳಿದ್ದಕ್ಕೆ ಬಾಂಡ್ಸ್, ತಾನು ಹೆಸರಾಂತ ಅಪ್ಪನ ಮಗನಾಗಿ ಬೆಳೆದವನು, ಬೇರೆಯವರ ವ್ಯವಹಾರಕ್ಕೆ ತಲೆ ಹಾಕುವುದಿಲ್ಲ ಅಂತ ಎಲ್ಲೆಲ್ಲೋ ಸುತ್ತಿದ್ದರು. ಆ ಸುತ್ತುಮಾತಿಗೆ 30 ದಿನ ಗೃಹಬಂಧನದ ಶಿಕ್ಷೆ. 2015ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೂ ರದ್ದು ಮಾಡಿತು, ಸರ್ಕಾರ ಪ್ರಕರಣ ಕೈಬಿಟ್ಟಿತು.

ಅಂದರೆ ನಿರಪರಾಧಿ ಅಂತಾಯಿತಲ್ಲ?

ಕೋರ್ಟಿನ ಪುಸ್ತಕದಲ್ಲಿ ಹೌದು. ಹಾಲ್ ಆಫ್ ಫೇಮ್ ಕೋರ್ಟಲ್ಲ. ಮದ್ದು ದೇಹ ಸೇರಿದ್ದನ್ನು ಸ್ವತಃ ಬಾಂಡ್ಸ್ ಅಲ್ಲಗಳೆದಿಲ್ಲ, ಗೊತ್ತಿರಲಿಲ್ಲ ಅಂದರು ಅಷ್ಟೆ. ತನ್ನ ದೇಹವನ್ನು ಅಷ್ಟು ಶಿಸ್ತಾಗಿ ನೋಡಿಕೊಂಡ ವೃತ್ತಿಪರ ಆಟಗಾರ, ತರಬೇತುದಾರ ನಾಲಿಗೆಯ ಮೇಲೆ ಹಾಕಿದ್ದನ್ನು ಏನು ಎತ್ತ ಕೇಳದೆ ನುಂಗಿದರು ಅಂದರೆ ನಾನು ನಂಬುವುದಿಲ್ಲ. ಅವರ ಪರ ವಾದಿಸುವವರು ಈ ಅಗಸೆ ಎಣ್ಣೆಯನ್ನು ಹಿಡಿದು ನೇತಾಡಬಾರದು. ತೆಗೆದುಕೊಂಡಿದ್ದಾರೆ ಅಂತಲೇ ಒಪ್ಪಿಕೊಂಡು ಆಮೇಲೂ ಅರ್ಹರಾ ಎಂದು ಕೇಳುವುದೇ ಮರ್ಯಾದೆಯ ವಾದ.

ಆ ಕಾಲದಲ್ಲಿ ಬೇಸ್‌ಬಾಲ್‌ನಲ್ಲಿ ಸ್ಟೆರಾಯ್ಡ್‌ಗೆ ನಿಷೇಧವೇ ಇರಲಿಲ್ಲ ಅನ್ನುತ್ತಾರೆ, ಹೌದಾ?

ಅರ್ಧ ನಿಜ. 1991ರಲ್ಲೇ ಕಮಿಷನರ್, ಅಂದರೆ ಲೀಗ್ ಮುಖ್ಯಸ್ಥ, ಫೇ ವಿನ್ಸೆಂಟ್ ತಂಡಗಳಿಗೆ ಕಳಿಸಿದ ಸುತ್ತೋಲೆಯಲ್ಲಿ ಸ್ಟೆರಾಯ್ಡ್ ಕೂಡದು ಎಂದಿತ್ತು. ಆದರೆ ಪರೀಕ್ಷೆ ಇರಲಿಲ್ಲ, ಆಟಗಾರರ ಸಂಘದ ಜೊತೆ ಒಪ್ಪಂದವೂ ಇರಲಿಲ್ಲ. ಪರೀಕ್ಷೆ ಶುರುವಾಗಿದ್ದು 2003ರಲ್ಲಿ, ಅದೂ ಹೆಸರು ಹೊರಗೆ ಬಿಡದ ಸಮೀಕ್ಷೆಯಾಗಿ. ಶೇ 5ಕ್ಕಿಂತ ಹೆಚ್ಚು ಜನ ಸಿಕ್ಕಿಬಿದ್ದದ್ದರಿಂದ 2004ರಿಂದ ಪರೀಕ್ಷೆ ಗಟ್ಟಿಯಾಯಿತು. ಬಾಂಡ್ಸ್‌ರ 73 ಹೋಮ್ ರನ್ ಬಂದದ್ದು 2001ರಲ್ಲಿ. ಮದ್ದಿನ ಕಾರಣಕ್ಕೆ ಲೀಗ್ ಅವರನ್ನು ಒಂದು ಪಂದ್ಯಕ್ಕೂ ಅಮಾನತು ಮಾಡಿಲ್ಲ.

ಅಮೆರಿಕದ ಕಾನೂನಿನಲ್ಲಿ ವೈದ್ಯರ ಚೀಟಿ ಇಲ್ಲದ ಸ್ಟೆರಾಯ್ಡ್ ಆಗಲೂ ಅಪರಾಧವೇ. ಹಾಗಾಗಿ ‘ನಿಯಮವೇ ಇರಲಿಲ್ಲ’ ಅನ್ನುವುದು ನಿಲ್ಲದ ಮಾತು. ‘ನಿಯಮ ಇತ್ತು, ಜಾರಿ ಮಾಡುವ ಮನಸ್ಸು ಯಾರಿಗೂ ಇರಲಿಲ್ಲ’ ಅನ್ನುವುದು ನಿಲ್ಲುತ್ತದೆ.

ಯಾಕೆ ಮನಸ್ಸಿರಲಿಲ್ಲ?

ದುಡ್ಡು. 1994ರಲ್ಲಿ ಆಟಗಾರರ ಮುಷ್ಕರದಿಂದ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್ ರದ್ದಾಯಿತು, ಜನ ಮುನಿಸಿಕೊಂಡು ಮೈದಾನದ ಕಡೆ ತಲೆ ಹಾಕಲಿಲ್ಲ. ಅವರನ್ನು ವಾಪಸ್ ಕರೆತಂದದ್ದರಲ್ಲಿ 1998ರ ಹೋಮ್ ರನ್ ಪೈಪೋಟಿಯದ್ದು ದೊಡ್ಡ ಪಾಲು. ಮಾರ್ಕ್ ಮೆಗ್ವೈರ್ 70, ಸ್ಯಾಮಿ ಸೋಸಾ 66. ಅದೇ ಬೇಸಿಗೆಯಲ್ಲಿ ಮೆಗ್ವೈರ್ ಲಾಕರ್‌ನಲ್ಲಿ ಆಂಡ್ರೊಸ್ಟೆನ್‌ಡಿಯೋನ್ ಎಂಬ ಸ್ನಾಯು ಬೆಳೆಸುವ ಮದ್ದಿನ ಬಾಟಲಿ ಕಂಡ ಸುದ್ದಿ ಬಂದರೂ ಹಬ್ಬ ನಿಲ್ಲಲಿಲ್ಲ. ಟಿಕೆಟ್ ಮಾರಿದವರು, ಪ್ರಸಾರದ ಹಕ್ಕು ಮಾರಿದವರು, ಹೊಗಳಿ ಬರೆದವರು ಎಲ್ಲರೂ ಅದರಲ್ಲಿ ಉಂಡವರೇ. ಆ ಬೇಸಿಗೆಯ ಅಬ್ಬರ ನೋಡಿಯೇ ಬಾಂಡ್ಸ್ ಮದ್ದಿನ ಕಡೆ ತಿರುಗಿದರು ಎಂದು ಅವರನ್ನು ಬೆನ್ನುಹತ್ತಿದ ಪತ್ರಕರ್ತರು ಬರೆದಿದ್ದಾರೆ.

‘1998ಕ್ಕೇ ಅರ್ಹರಾಗಿದ್ದರು, ಅಲ್ಲಿಗೆ ಲೆಕ್ಕ ಮುಗಿಸಿ’ ಅನ್ನುವ ವಾದ ಹೇಗೆ?

ಬಾಂಡ್ಸ್ ಅಭಿಮಾನಿಗಳ ಅಚ್ಚುಮೆಚ್ಚಿನ ವಾದ ಇದು. 1998ರ ಕೊನೆಗೆ ಅವರ ಲೆಕ್ಕ: 411 ಹೋಮ್ ರನ್, 445 ಕದ್ದ ಬೇಸ್, ಮೂರು ಎಂವಿಪಿ, ಎಂಟು ಗೋಲ್ಡ್ ಗ್ಲೋವ್. ಆ ದಿನ ನಿವೃತ್ತರಾಗಿದ್ದರೆ ಮೊದಲ ವರ್ಷವೇ ಆಯ್ಕೆಯಾಗುತ್ತಿದ್ದರು, ಅನುಮಾನವಿಲ್ಲ.

ಆದರೂ ಈ ವಾದ ನನಗೆ ಹಿಡಿಸುವುದಿಲ್ಲ. ನಿವೃತ್ತರಾಗಲಿಲ್ಲವಲ್ಲ. ಒಬ್ಬರ ವೃತ್ತಿಜೀವನವನ್ನು ನಮಗೆ ಬೇಕಾದಲ್ಲಿ ಕತ್ತರಿಸಿ ಮೊದಲರ್ಧ ಇಟ್ಟುಕೊಳ್ಳಲು ಬರುವುದಿಲ್ಲ. ಮದ್ದು ಶುರುವಾದ ದಿನಾಂಕ ನಮ್ಮ ಕೈಯಲ್ಲಿದೆ ಅಂತ ಬೇರೆ ಈ ವಾದ ಅಂದುಕೊಂಡಿದೆ. ಇಷ್ಟು ಪ್ರತಿಭೆ ಇದ್ದೂ ಮದ್ದು ಮುಟ್ಟಿದರು ಅಂದರೆ ತಪ್ಪಿನ ಭಾರ ಏರುತ್ತದೆಯೇ ವಿನಾ ಇಳಿಯುವುದಿಲ್ಲ. ಹೊಟ್ಟೆಪಾಡಿಗೆ ಮಾಡಿದ ಕೆಲಸ ಅಲ್ಲ ಅದು.

ಈ ಅಂಕಿಗಳಿಂದ ಒಂದನ್ನು ಮಾತ್ರ ತೆಗೆದುಕೊಳ್ಳಬಹುದು. ಬಾಂಡ್ಸ್ ಮದ್ದಿನಿಂದ ಹುಟ್ಟಿದ ಆಟಗಾರ ಅಲ್ಲ. 2001ರ ಋತುವಂತೂ ಸಹಜವಾಗಿ ಕಾಣುವುದಿಲ್ಲ ಅನ್ನುವುದನ್ನೂ ಅದರ ಜೊತೆಗೇ ಒಪ್ಪಿಕೊಳ್ಳಬೇಕು. 22 ಋತುಗಳಲ್ಲಿ ಅವರು 50 ದಾಟಿದ್ದು ಆ ಒಂದೇ ವರ್ಷ, ಜುಲೈನಲ್ಲಿ 37 ತುಂಬಿದ ವರ್ಷ.

ನಡತೆಯ ನಿಯಮ ಅಂತ ಒಂದಿದೆಯಂತಲ್ಲ?

ಇದೆ. ಪತ್ರಕರ್ತರ ಮತದಾನದ ನಿಯಮಾವಳಿಯಲ್ಲಿ ಆಟದ ದಾಖಲೆ, ಸಾಮರ್ಥ್ಯ, ತಂಡಕ್ಕೆ ಕೊಟ್ಟ ಕೊಡುಗೆಯ ಜೊತೆಗೆ ಪ್ರಾಮಾಣಿಕತೆ, ಕ್ರೀಡಾ ಮನೋಭಾವ, ಚಾರಿತ್ರ್ಯವನ್ನೂ ನೋಡಬೇಕು ಎಂದಿದೆ. ಬಾಂಡ್ಸ್ ವಿರೋಧಿಗಳು ಇದನ್ನೇ ಮುಂದಿಡುತ್ತಾರೆ, ಮುಂದಿಡುವ ಹಕ್ಕೂ ಅವರಿಗಿದೆ.

ನನ್ನ ತಕರಾರು ಈ ನಿಯಮ ಯಾರ ಮೇಲೆ ಬಿತ್ತು, ಯಾರ ಮೇಲೆ ಬೀಳಲಿಲ್ಲ ಅನ್ನುವುದರ ಬಗ್ಗೆ. ಕಪ್ಪು ಆಟಗಾರರಿರುವ ತಂಡದ ಎದುರು ಆಡುವುದಿಲ್ಲ ಎಂದು ಹಟ ಹಿಡಿದ 19ನೇ ಶತಮಾನದ ಕ್ಯಾಪ್ ಆನ್ಸನ್ ಒಳಗಿದ್ದಾರೆ. ಚೆಂಡಿಗೆ ಜಿಡ್ಡು ಸವರಿ ಎಸೆಯುವುದರಲ್ಲೇ ಹೆಸರು ಮಾಡಿ, ಅದನ್ನು ತಾನೇ ಹೇಳಿಕೊಂಡ ಗೇಲಾರ್ಡ್ ಪೆರ್ರಿ 1991ರಲ್ಲಿ ಒಳಗೆ ಹೋದರು. ಆಂಫೆಟಮಿನ್ ಎಂಬ ಉತ್ತೇಜಕ ಮಾತ್ರೆಗಳು ದಶಕಗಳ ಕಾಲ ಡ್ರೆಸ್ಸಿಂಗ್ ರೂಮುಗಳಲ್ಲಿ ಓಡಾಡಿದವು, ಅವಕ್ಕೆ ಪರೀಕ್ಷೆ ಬಂದದ್ದೇ 2006ರಲ್ಲಿ. ಆ ಕಾಲದ ಹಿರಿಯರ ಫಲಕಗಳನ್ನು ಯಾರೂ ಕೆಳಗಿಳಿಸಿಲ್ಲ.

ಹಾಗಾದರೆ ಅದೇ ಕಾಲದ ಬೇರೆಯವರಿಗೆ ಹೇಗೆ ಸಿಕ್ಕಿತು?

ಬಾಂಡ್ಸ್ ಪತ್ರಕರ್ತರ ಪಟ್ಟಿಯಿಂದ ಹೊರಬಿದ್ದ 2022ರಲ್ಲೇ ಬಾಸ್ಟನ್‌ನ ಡೇವಿಡ್ ಓರ್ಟಿಜ್ ಮೊದಲ ಯತ್ನದಲ್ಲೇ ಶೇ 77.9 ಮತ ಪಡೆದು ಗೆದ್ದರು. 2003ರ ಸಮೀಕ್ಷೆಯಲ್ಲಿ ಸಿಕ್ಕಿಬಿದ್ದವರ ಪಟ್ಟಿಯಲ್ಲಿ ಅವರ ಹೆಸರಿದೆ ಎಂದು 2009ರಲ್ಲಿ ಪತ್ರಿಕಾ ವರದಿ ಬಂದಿತ್ತು. ಓರ್ಟಿಜ್ ಅಲ್ಲಗಳೆದರು. ಆ ಪಟ್ಟಿಯ ಕೆಲವು ಫಲಿತಾಂಶಗಳ ಮೇಲೆ ವೈಜ್ಞಾನಿಕ ಅನುಮಾನವಿದೆ ಎಂದು ಮುಂದೆ ಕಮಿಷನರೇ ಹೇಳಿದರು. ಹಾಗಾಗಿ ಓರ್ಟಿಜ್‌ರನ್ನೂ ಬಾಂಡ್ಸ್‌ರನ್ನೂ ಒಂದೇ ತಕ್ಕಡಿಗೆ ಹಾಕುವುದು ಸರಿಯಲ್ಲ. ಓರ್ಟಿಜ್ ನಗುತ್ತಾ ಮಾತಾಡಿಸುವ ಮನುಷ್ಯ ಅನ್ನುವುದೂ ಮತಪೆಟ್ಟಿಗೆಯಲ್ಲಿ ಕೆಲಸ ಮಾಡಿರಬೇಕು.

ನನ್ನನ್ನು ನಿಜವಾಗಿ ಕೆರಳಿಸುವುದು ಬಡ್ ಸೆಲಿಗ್ ಫಲಕ. ಮದ್ದಿನ ಕಾಲ ಪೂರ್ತಿ ಬೇಸ್‌ಬಾಲ್ ನಡೆಸಿದ ಕಮಿಷನರ್ ಅವರು. 2007ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯೆಗೊದಲ್ಲಿ ಬಾಂಡ್ಸ್ 755ನೆಯ ಹೋಮ್ ರನ್ ಹೊಡೆದು ಹ್ಯಾಂಕ್ ಆರನ್ ದಾಖಲೆ ಸರಿಗಟ್ಟಿದಾಗ ಸೆಲಿಗ್ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತಿದ್ದರು, ಚಪ್ಪಾಳೆ ಇಲ್ಲ. ಮೂರು ದಿನದ ನಂತರ ದಾಖಲೆ ಮುರಿದಾಗ ಸ್ವತಃ ಆರನ್ ವಿಡಿಯೊದಲ್ಲಿ ಅಭಿನಂದಿಸಿದರು. ಸೆಲಿಗ್ 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಅಂಗಡಿ ನಡೆಸಿದವರಿಗೆ ಸನ್ಮಾನ, ಗಲ್ಲಾಪೆಟ್ಟಿಗೆ ತುಂಬಿಸಿದವರಿಗೆ ಬಹಿಷ್ಕಾರ. ಸೆಲಿಗ್ ಆಯ್ಕೆಯಾದ ಮೇಲೆ ಮನಸ್ಸು ಬದಲಾಯಿಸಿ ಬಾಂಡ್ಸ್‌ಗೆ ಮತ ಹಾಕತೊಡಗಿದ ಪತ್ರಕರ್ತರೂ ಇದ್ದಾರೆ. ಅದಕ್ಕೆ ಎದುರಾಗಿ 2017ರ ನವೆಂಬರ್‌ನಲ್ಲಿ ಹಿರಿಯ ಆಟಗಾರ ಜೋ ಮೋರ್ಗನ್ ಎಲ್ಲ ಮತದಾರರಿಗೂ ಪತ್ರ ಬರೆದು, ಸ್ಟೆರಾಯ್ಡ್ ಬಳಸಿದವರನ್ನು ಒಳಗೆ ಬಿಡಬೇಡಿ ಎಂದು ಕೇಳಿಕೊಂಡರು.

ಪತ್ರಕರ್ತರಿಗೆ ಅವರ ಮೇಲೆ ಸ್ವಂತ ಸಿಟ್ಟಿತ್ತಾ?

ಇತ್ತು. ಬಾಂಡ್ಸ್ ಒರಟು, ಪ್ರಶ್ನೆ ಕೇಳಿದವರನ್ನು ಗದರಿಸಿ ಕಳಿಸುತ್ತಿದ್ದವರು. ಆದರೆ ಅದೇ ಪತ್ರಕರ್ತರ ಸಂಘ ಏಳು ಎಂವಿಪಿಗಳನ್ನೂ ಕೊಟ್ಟಿದೆ, ಮೂರರಲ್ಲಿ ಎರಡು ಪಾಲು ಮತವನ್ನೂ ಕೊಟ್ಟಿದೆ. ಸಿಟ್ಟಿನ ಕಥೆಯಿಂದ ಪೂರ್ತಿ ವಿವರಣೆ ಸಿಗುವುದಿಲ್ಲ.

2025ರ ಡಿಸೆಂಬರ್‌ನಲ್ಲಿ ಏನಾಯಿತು?

16 ಜನರ ಸಮಿತಿಯ ಮುಂದೆ ಎಂಟು ಹೆಸರುಗಳಿದ್ದವು. ಸಮಿತಿಯ ಪ್ರತಿ ಸದಸ್ಯರೂ ಹೆಚ್ಚೆಂದರೆ ಮೂವರಿಗೆ ಮತ ಹಾಕಬಹುದಿತ್ತು. ಗೆದ್ದದ್ದು ಜೆಫ್ ಕೆಂಟ್ ಒಬ್ಬರೇ, 14 ಮತ. ಬಾಂಡ್ಸ್‌ಗೆ ಐದಕ್ಕಿಂತ ಕಡಿಮೆ.

ಕೆಂಟ್ ಯಾರು? ಜೈಂಟ್ಸ್‌ನಲ್ಲಿ ಬಾಂಡ್ಸ್ ಜೊತೆ ಆರು ವರ್ಷ ಆಡಿದವರು. ಇಬ್ಬರಿಗೂ ಆಗಿಬರುತ್ತಿರಲಿಲ್ಲ. 2002ರ ಜೂನ್‌ನಲ್ಲಿ ಸ್ಯಾನ್ ಡಿಯೆಗೊ ಡಗೌಟ್‌ನಲ್ಲಿ ಟಿವಿ ಕ್ಯಾಮೆರಾ ಎದುರೇ ಕೈ ಕೈ ಮಿಲಾಯಿಸಿದ್ದರು. ಕೆಂಟ್ ಒಳ್ಳೆಯ ಆಟಗಾರ, ಸೆಕೆಂಡ್ ಬೇಸ್‌ಮನ್‌ಗಳಲ್ಲಿ ಅತಿ ಹೆಚ್ಚು ಹೋಮ್ ರನ್ ಅವರದ್ದೇ. ಆದರೆ ಪತ್ರಕರ್ತರು ಅವರಿಗೆ ಹತ್ತು ವರ್ಷದಲ್ಲಿ ಕೊಟ್ಟ ಗರಿಷ್ಠ ಮತ ಶೇ 46.5. ಬಾಂಡ್ಸ್‌ಗೆ ಶೇ 66. ಸುಮಾರು 400 ಜನ ಹೇಳಿದ್ದನ್ನು 16 ಜನ ಕೂತು ತಿರುಗಿಸಿ ಹಾಕಿದರು.

ಸಮಿತಿಯಲ್ಲಿ ಯಾರು ಇರಬೇಕು ಎಂದು ತೀರ್ಮಾನಿಸುವುದು ಹಾಲ್ ಆಫ್ ಫೇಮ್ ಸಂಸ್ಥೆಯೇ. ಯಾರು ಯಾರಿಗೆ ಮತ ಹಾಕಿದರು ಎಂದು ಅದು ಪ್ರಕಟಿಸುವುದಿಲ್ಲ. ಪತ್ರಕರ್ತರಲ್ಲಿ ಎಷ್ಟೋ ಜನ ತಮ್ಮ ಮತವನ್ನು ಬಹಿರಂಗಪಡಿಸಿ, ಕಾರಣ ಬರೆದು, ಬೈಗುಳವನ್ನೂ ತಿನ್ನುತ್ತಾರೆ. ಬಾಂಡ್ಸ್ ಬೇಡ ಅನ್ನುವುದು ತಪ್ಪಲ್ಲ, ಯಾಕೆ ಬೇಡ ಅಂತ ಹೆಸರು ಹಾಕಿ ಹೇಳಲಿ.

ಮದ್ದು ಮುಟ್ಟದೆ ಆಡಿದವರಿಗೆ ಇದು ಅನ್ಯಾಯ ಅಲ್ಲವೇ?

ಬಾಂಡ್ಸ್ ವಿರುದ್ಧದ ವಾದಗಳಲ್ಲಿ ನನಗೆ ಉತ್ತರ ಸಿಗದಿರುವುದು ಇದೊಂದಕ್ಕೆ. ಫ್ರೆಡ್ ಮೆಗ್ರಿಫ್ ಅವರನ್ನೇ ತೆಗೆದುಕೊಳ್ಳಿ. ಮದ್ದಿನ ಸೋಂಕು ಹತ್ತದ ಹೆಸರು, 493 ಹೋಮ್ ರನ್. 1994ರ ಮುಷ್ಕರ ಬಂದಾಗ 34 ಹೊಡೆದು ಒಳ್ಳೆಯ ಲಯದಲ್ಲಿದ್ದರು, ಅಲ್ಲಿಗೆ ಋತು ನಿಂತಿತು. ಮುಂದೆ ಸುತ್ತಲಿನವರೆಲ್ಲ 50, 60, 70 ಹೊಡೆಯತೊಡಗಿದಾಗ ವರ್ಷಕ್ಕೆ 30 ಹೊಡೆಯುವವನ ಕಡೆ ಯಾರು ನೋಡುತ್ತಾರೆ? ಪತ್ರಕರ್ತರ ಮತದಾನದಲ್ಲಿ ಶೇ 40 ದಾಟಲಿಲ್ಲ. 2022ರ ಡಿಸೆಂಬರ್‌ನಲ್ಲಿ ಸಮಿತಿ 16ಕ್ಕೆ 16 ಮತ ಕೊಟ್ಟು ಆರಿಸಿತು. ಅದೇ ಸಭೆಯಲ್ಲಿ ಬಾಂಡ್ಸ್‌ಗೆ ನಾಲ್ಕಕ್ಕಿಂತ ಕಡಿಮೆ. ಆ 16 ಜನರ ಮನಸ್ಸಿನಲ್ಲಿ ಏನಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಮೆಗ್ರಿಫ್ ಅಂಥವರಿಗೆ ಹೆಸರಾದರೂ ಉಳಿಯಿತು. ಮದ್ದು ಬೇಡ ಎಂದು ಕೈಕಟ್ಟಿ, ಆ ಕಾರಣಕ್ಕೇ ಕೆಳಹಂತದ ಮೈನರ್ ಲೀಗ್‌ನಲ್ಲಿ ಕೊಳೆತು ಮನೆಗೆ ಹೋದವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಬಾಂಡ್ಸ್‌ಗೆ ಫಲಕ ಕೊಟ್ಟರೆ ಅವರಿಗೆ ಏನು ಹೇಳುವುದು? ಸಮಾಧಾನ ಹೇಳಲು ನನ್ನ ಹತ್ತಿರ ಏನೂ ಇಲ್ಲ. ಆದರೆ ಬಾಂಡ್ಸ್‌ರನ್ನು ಹೊರಗಿಟ್ಟರೂ ಅವರಿಗೆ ಏನೂ ದಕ್ಕುವುದಿಲ್ಲ. ಮದ್ದಿನ ಹೆಸರು ಕೆತ್ತಿದ ಫಲಕವಾದರೆ ಅವರ ಕಥೆಯ ಒಂದು ಸಾಲಾದರೂ ಗೋಡೆ ಮೇಲೆ ಬರುತ್ತದೆ.

ಪೀಟ್ ರೋಸ್ ಪ್ರಕರಣವೂ ಇದೇ ತರಹದ್ದಾ?

ಅಲ್ಲ. ಹಳೆಯ ಆಟಗಾರ ರೋಸ್ ಬೆಟ್ಟಿಂಗ್ ಕಾರಣಕ್ಕೆ 1989ರಲ್ಲಿ ಲೀಗ್‌ನಿಂದಲೇ ನಿಷೇಧಕ್ಕೊಳಗಾದವರು. ನಿಷೇಧಿತರ ಹೆಸರು ಮತಪತ್ರದಲ್ಲಿ ಬರಕೂಡದು ಎಂದು 1991ರಲ್ಲಿ ನಿಯಮವಾಯಿತು. ಅವರು 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು, ಸತ್ತವರಿಗೆ ನಿಷೇಧ ಅನ್ವಯಿಸದು ಎಂದು 2025ರ ಮೇ ತಿಂಗಳಲ್ಲಿ ಕಮಿಷನರ್ ತೀರ್ಮಾನಿಸಿದರು. ಬಾಂಡ್ಸ್ ಮೇಲೆ ಯಾವ ನಿಷೇಧವೂ ಇಲ್ಲ. 2016ರಲ್ಲಿ ಮಯಾಮಿ ಮಾರ್ಲಿನ್ಸ್‌ಗೆ ಬ್ಯಾಟಿಂಗ್ ಕೋಚ್ ಕೂಡ ಆಗಿದ್ದರು.

ದಾಖಲೆಯ ಪಕ್ಕ ಅನುಮಾನ ಸೂಚಿಸುವ ನಕ್ಷತ್ರ ಚಿಹ್ನೆ ಹಾಕಿದ್ದಾರಂತೆ?

ದಾಖಲೆ ಪುಸ್ತಕದಲ್ಲಿ ಇಲ್ಲ. ಇರುವುದು ಒಂದು ಚೆಂಡಿನ ಮೇಲೆ. 2007ರ ಆಗಸ್ಟ್ 7ರಂದು ಆರನ್ ದಾಖಲೆ ಮುರಿದ 756ನೆಯ ಹೋಮ್ ರನ್ ಚೆಂಡನ್ನು ಫ್ಯಾಷನ್ ಉದ್ಯಮಿ ಮಾರ್ಕ್ ಎಕೊ ಹರಾಜಿನಲ್ಲಿ 7,52,467 ಡಾಲರ್ ಕೊಟ್ಟು ಕೊಂಡರು. ಏನು ಮಾಡಲಿ ಎಂದು ಇಂಟರ್‌ನೆಟ್‌ನಲ್ಲಿ ಮತ ಕೇಳಿದರು. ಜನ ಹೇಳಿದಂತೆ ಚೆಂಡಿಗೆ ನಕ್ಷತ್ರದ ಗುರುತು ಕೊರೆಸಿ ಕೂಪರ್ಸ್‌ಟೌನ್‌ಗೆ ಕಳಿಸಿಕೊಟ್ಟರು. ಮ್ಯೂಸಿಯಂ ಅದನ್ನು ಸ್ವೀಕರಿಸಿತು. ಚೆಂಡಿಗೆ ಜಾಗವಿದೆ, ಹೊಡೆದವರಿಗೆ ಇಲ್ಲ. ನನ್ನ ಪ್ರಕಾರ ಆ ಚೆಂಡನ್ನು ಇಟ್ಟ ರೀತಿಯಲ್ಲೇ ಉತ್ತರವಿದೆ. ಸಾಧನೆಯನ್ನೂ ಕಲೆಯನ್ನೂ ಒಟ್ಟಿಗೆ ತೋರಿಸಿದ್ದಾರೆ. ಫಲಕಕ್ಕೂ ಹಾಗೆ ಮಾಡಲು ಅಡ್ಡಿಯೇನು?

ಬಾಂಡ್ಸ್‌ಗೂ ಭಾರತಕ್ಕೂ ಏನಾದರೂ ಸಂಬಂಧ?

ದೂರದ್ದು ಒಂದಿದೆ. 2008ರಲ್ಲಿ ಭಾರತದಲ್ಲಿ ವೇಗದ ಎಸೆತಗಾರರನ್ನು ಹುಡುಕುವ ಸ್ಪರ್ಧೆ ನಡೆಸಿ ಉತ್ತರಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಅವರನ್ನು ಅಮೆರಿಕಕ್ಕೆ ಕರೆದೊಯ್ದ ಜೆ.ಬಿ. ಬರ್ನ್‌ಸ್ಟೀನ್, ಬಾಂಡ್ಸ್‌ರ ವ್ಯಾಪಾರಿ ವ್ಯವಹಾರ ನೋಡಿಕೊಳ್ಳುತ್ತಿದ್ದ ಏಜೆಂಟ್. ಆ ಇಬ್ಬರು ಹುಡುಗರ ಜೊತೆ ಒಪ್ಪಂದ ಮಾಡಿಕೊಂಡದ್ದು ಪೈರೇಟ್ಸ್, ಬಾಂಡ್ಸ್‌ರ ಮೊದಲ ತಂಡ. ಇನ್ನು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಲ್ಲಿ ನೆಲೆಸಿದ ಕನ್ನಡಿಗರಿಗೆ ಜೈಂಟ್ಸ್ ಊರ ತಂಡ. ಅಲ್ಲಿನ ಮೈದಾನದ ಬಲಗಡೆಯ ಗೋಡೆ ದಾಟಿದರೆ ಕೊಲ್ಲಿಯ ನೀರು, ಬಾಂಡ್ಸ್ ಅದರೊಳಗೆ 35 ಚೆಂಡು ಬೀಳಿಸಿದ್ದಾರೆ. ಅವರ 25ನೇ ನಂಬರಿನ ಅಂಗಿಯನ್ನು ತಂಡ 2018ರಲ್ಲಿ ನಿವೃತ್ತಿಗೊಳಿಸಿತು. ಆ ಊರಿನಲ್ಲಿ ಈ ಚರ್ಚೆ ಎತ್ತುವ ಮುಂಚೆ ಎದುರಿಗಿರುವವರು ಯಾರು ಅಂತ ನೋಡಿಕೊಳ್ಳಿ.

ಮುಂದಿನ ಅವಕಾಶ ಯಾವಾಗ?

2025ರಲ್ಲಿ ಹೊಸ ನಿಯಮ ಬಂದಿದೆ. ಸಮಿತಿಯಲ್ಲಿ ಐದಕ್ಕಿಂತ ಕಡಿಮೆ ಮತ ಬಿದ್ದವರ ಹೆಸರು ಮುಂದಿನ ಸರದಿಗೆ ಬರುವಂತಿಲ್ಲ. ಈ ಸಮಿತಿ ಮೂರು ವರ್ಷಕ್ಕೊಮ್ಮೆ ಸೇರುವುದರಿಂದ 2028 ಕೈತಪ್ಪಿತು, 2031ಕ್ಕೆ ಹೆಸರು ಮತ್ತೆ ಬರಬಹುದು. ಆಗಲೂ ಐದು ಮತ ಬೀಳದಿದ್ದರೆ ಶಾಶ್ವತವಾಗಿ ಮುಗಿಯಿತು. 2031ರ ಹೊತ್ತಿಗೆ ಬಾಂಡ್ಸ್‌ಗೆ 67 ವರ್ಷ. ಅವರ ಕಾಲದಲ್ಲಿ ಆಡಿದವರು, ಅವರ ದಾಖಲೆಯಿಂದ ನೊಂದವರು ಆ ಕೋಣೆಯಲ್ಲಿ ಎಷ್ಟು ಜನ ಉಳಿದಿರುತ್ತಾರೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ನನಗೇನೋ ಹೆಚ್ಚು ಆಸೆಯಿಲ್ಲ.